ಮೊಣಕಾಲೆತ್ತರದ ಕಿಟಕಿ

ಜವಳಗೇರಾದ ನಮ್ಮ ಹೊಸ ಶಾಲೆಗೆ ನಕ್ಷೆ ಮಾಡಲು ಲಿಂಗಸುಗೂರಿನಿಂದ ಬರುತ್ತಿದ್ದ ಇಂಜಿನಿಯರಮ್ಮ ಕುರ್ಚಿ ಕೊಟ್ಟರೆ ಒಲ್ಲೆ ಅನ್ನೋರು. ಮಕ್ಕಳ ಹಾಗೆ ನೆಲಕ್ಕೆ ಕೂತು, "ಇಲ್ಲಿಂದ ಏನ್ ಕಾಣ್ತದ ನೋಡೂಣು" ಅನ್ನೋರು. ಕಾಲುವೆ ಗಾಳಿ ಎತ್ತಲಿಂದ ಬರುತ್ತದೆಂದು ಸೆರಗಿನ ತುದಿ ಹಿಡಿದು ನೋಡೋರು; ಫ್ಯಾನಿನ ಮಾತು ಆಮೇಲೆ.

ಕಿಟಕಿಗಳನ್ನು ಮೊಣಕಾಲೆತ್ತರಕ್ಕೆ ಇಡಿಸಿದಾಗ ಮಾಸ್ತರನಾದ ನಾನು ತಕರಾರು ತೆಗೆದೆ: "ಮೇಡಂ, ಹುಡುಗ್ರು ಪಾಠ ಬಿಟ್ಟು ಹೊರಗ ನೋಡ್ಕೋತ ಕುಂದರ್ತಾವ್ರೀ."

"ಕುಂದ್ರಲಿ ಬಿಡ್ರಿ ಸರ" ಅಂದು ನಕ್ಕರು.

ಹೊಸ ಕೋಣೆಗೆ ಕಾಲಿಟ್ಟ ದಿನ ಒಂದನೇ ಕ್ಲಾಸಿನ ಕೂಸೊಂದು ಅವ್ವ ಬೇಕೆಂದು ಒಂದೇ ಸಮ ಅಳುತ್ತಿತ್ತು. ಇಂಜಿನಿಯರಮ್ಮ ಅದನ್ನು ಕಿಟಕಿಯ ಬಳಿ ಕೂಡಿಸಿ, ತಾವೂ ಕೂತು, "ಇಲ್ಲಿಂದ ಏನ್ ಕಾಣ್ತದ ನೋಡೂಣು" ಅಂದರು. ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರ ಸಾಲಿನಿಂದ ಒಬ್ಬಾಕೆ ನಡು ಎತ್ತಿ, ಸಸಿ ಹಿಡಿದ ಕೈ ಬೀಸಿದಳು.

ಕೂಸು ಮೂಗೊರೆಸಿಕೊಂಡು, ಇನ್ನೂ ಏನೂ ಬರೆಯದ ಪಾಟಿಯನ್ನು ಕಿಟಕಿಗೆ ಹಿಡಿದು ಅವ್ವನಿಗೆ ತೋರಿಸಿತು.