ರಾಣಿ ತಲೆ ಬಾಚಿದ ಕಲ್ಲು

ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಯ ಕಿಟಕಿಯಿಂದ ಮಧುಗಿರಿ ಬೆಟ್ಟ ಪೂರ್ತಿ ಕಾಣುತ್ತದೆ. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಹದಿನೆಂಟು ವರ್ಷದಿಂದ ಆ ಕಿಟಕಿಯ ಪಕ್ಕ ನಿಂತು ಕದಂಬರು, ಹೊಯ್ಸಳರು, ವಿಜಯನಗರದವರು ಅಂತ ಎಲ್ಲರನ್ನೂ ಸಿಂಹಾಸನ ಹತ್ತಿಸಿ ಇಳಿಸಿದ್ದೇನೆ. ಎದುರಿಗೇ ಕೂತಿರುವ ಬೆಟ್ಟದ ಬಗ್ಗೆ ಮಾತ್ರ ಪಾಠದಲ್ಲಿ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಿಸಿಯೂಟದ ನಂತರದ ಪೀರಿಯಡ್ಡಿಗೆ ಇಡೀ ಕ್ಲಾಸು ತೂಕಡಿಸುತ್ತಿತ್ತು. ಒಂದು ದಿನ ತಡೆಯಲಾರದೆ ಕೋಲನ್ನು ಕಿಟಕಿಯಾಚೆ ಚಾಚಿ ಹೇಳಿಬಿಟ್ಟೆ: "ನೋಡ್ರೋ, ಆ ತುದೀಲಿ ಒಂದು ಚಪ್ಪಟೆ ಕಲ್ಲಿದೆ. ಪಾಳೇಗಾರನ ರಾಣಿ ದಿನಾ ಸಂಜೆ ಅದರ ಮೇಲೆ ಕೂತು ತಲೆ ಬಾಚ್ಕೊಳ್ತಾ, ಸಿರಾ ಕಡೆಯಿಂದ ಗಂಡನ ಕುದುರೆ ಬರುತ್ತಾ ಅಂತ ನೋಡೋಳು." ಎಲ್ಲರ ನಿದ್ದೆ ಹಾರಿಹೋಯಿತು. ಕಲ್ಲೂ ಸುಳ್ಳು, ರಾಣಿಯೂ ಸುಳ್ಳು. ಮರುವರ್ಷ ಬಾಚಣಿಗೆಯನ್ನು ಬೆಳ್ಳಿಯದು ಮಾಡಿದೆ, ಅದರ ಮರುವರ್ಷ ಕುದುರೆಗೆ ಬಿಳಿ ಬಣ್ಣ ಕೊಟ್ಟೆ. ಅಲ್ಲಿಂದ ಈಚೆಗೆ ಪ್ರತಿ ವರ್ಷದ ಕ್ಲಾಸಿಗೂ ಅದೇ ಕಥೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ತುದಿಯನ್ನು ನಾನು ನೋಡಿಯೇ ಇಲ್ಲ. ಒಮ್ಮೆ ಬೆಟ್ಟದ ಕೋಟೆಯ ಎರಡನೇ ಬಾಗಿಲಿನವರೆಗೆ ಹತ್ತಿ, ಹಿಂದೆ ತಿರುಗಿ ಕೆಳಗೆ ನೋಡಿ, ಕೂತುಕೊಂಡೇ ಜಾರುತ್ತಾ ಇಳಿದು ಬಂದವನು ನಾನು. ಮನೆಯಲ್ಲಿ ಹೆಂಡತಿಗೆ ಮಂಜು ಕವಿದಿತ್ತು ಅಂದೆ. ಅದು ಏಪ್ರಿಲ್ ತಿಂಗಳು.

ಈ ವರ್ಷ ಸುತ್ತೋಲೆ ಬಂತು. ಮಕ್ಕಳಿಂದಲೇ ಊರಿನ ಇತಿಹಾಸ ಬರೆಸಿ ತಾಲ್ಲೂಕು ಪ್ರದರ್ಶನಕ್ಕೆ ಕಳಿಸಬೇಕಂತೆ. ಜೊತೆಗೊಂದು ಫಾರಂ, ಅದರ ಕೊನೆಯ ಕಾಲಂ 'ಮಾಹಿತಿ ನೀಡಿದವರು'. ನಾನೂ ಪಿ.ಟಿ. ಮೇಷ್ಟ್ರೂ ಮಕ್ಕಳನ್ನು ಬಸ್ಸು ಹತ್ತಿಸಿ ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋದೆವು.

ಅಲ್ಲಿ ಸೌತೆಕಾಯಿ ಮಾರುತ್ತಿದ್ದ ಹೆಂಗಸು ನನ್ನನ್ನು ಕಂಡು ಎದ್ದು ನಿಂತಳು. ಹದಿನೈದು ವರ್ಷದ ಹಿಂದೆ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿದ್ದವಳು, ಕದಂಬರನ್ನೂ ಮೊಘಲರನ್ನೂ ಒಂದೇ ಮನೆಯವರನ್ನಾಗಿ ಮಾಡಿ ಉತ್ತರ ಬರೆಯುತ್ತಿದ್ದಳು. ಮಕ್ಕಳು ಫಾರಂ ಹಿಡಿದು ಅವಳನ್ನು ಮುತ್ತಿಕೊಂಡರು.

"ಮ್ಯಾಲೊಂದು ಕಲ್ಲೈತೆ ಕಣ್ರಮ್ಮ," ಅಂತ ಶುರು ಮಾಡಿದಳು. "ರಾಣಿ ಬೆಳ್ಳಿ ಬಾಚಣಿಗೇಲಿ ತಲೆ ಬಾಚ್ಕಂತಿದ್ದ ಕಲ್ಲು. ಒಂದಿನ ಬಾಚಣಿಗೆ ಕೆಳೀಕೆ ಬಿದ್ದೋಯ್ತು. ಅದನ್ನ ಹುಡುಕ್ಕಂಡು ಹೋದೋಳು ವಾಪಸ್ ಬರ್ನೇ ಇಲ್ಲ."

ಕೊನೆಯ ಭಾಗ ನನಗೂ ಹೊಸದು. ನನ್ನದಕ್ಕಿಂತ ಚೆನ್ನಾಗಿತ್ತು, ಹೊಟ್ಟೆಕಿಚ್ಚಾಯಿತು.

"ನಿಮಗ್ಯಾರಕ್ಕ ಹೇಳಿದ್ದು?" ಕೇಳಿದ್ದು ಎರಡು ಜಡೆಯ ಹುಡುಗಿ. ಪ್ರದರ್ಶನದ ಮೊದಲ ಬಹುಮಾನ ತನ್ನದೇ ಅಂತ ಮನೆಯಲ್ಲಿ ಆಗಲೇ ಸಾರಿಬಿಟ್ಟಿದ್ದವಳು. ನಾನು ಪಿ.ಟಿ. ಮೇಷ್ಟ್ರ ಹಿಂದಕ್ಕೆ ಸರಿದೆ.

"ನಮ್ಮಜ್ಜಿ," ಅಂದಳು ಸೌತೆಕಾಯಿಯವಳು. "ಅವ್ರಜ್ಜಿ ಕಾಲ್ದಿಂದ ಹೇಳ್ಕಂಡ್ ಬಂದವ್ರೆ."

ಮಕ್ಕಳು ಪಿ.ಟಿ. ಮೇಷ್ಟ್ರ ಹಿಂದೆ ಹತ್ತತೊಡಗಿದರು. ನಾನು ಮಂಡಿನೋವಿನ ನೆಪ ಹೇಳಿ ಎರಡನೇ ಬಾಗಿಲಲ್ಲೇ ಕೂತೆ. ಎರಡು ಜಡೆಯವಳೂ ಪಕ್ಕದಲ್ಲಿ ಕೂತು, ಮರೆಯುವ ಮುಂಚೆ ಬರೆದು ಮುಗಿಸುತ್ತೇನೆ ಅಂತ ಫಾರಂ ತೊಡೆಯ ಮೇಲಿಟ್ಟುಕೊಂಡಳು. ದುಂಡಗಿನ ಅಕ್ಷರ, ಒಂದೂ ತಪ್ಪಿಲ್ಲ. ನಾಳೆ ಇದನ್ನು ತಾಲ್ಲೂಕಿನವರ ಮುಂದೆ ಓದುತ್ತಾಳೆ. ಯಾರಾದರೂ ನಕ್ಕರೆ ಇವಳನ್ನು ನೋಡಿ ನಗುತ್ತಾರೆಯೇ ಹೊರತು ನನ್ನನ್ನಲ್ಲ.

"ಅದು ನಡೆದಿದ್ದಲ್ಲ ಕಣಮ್ಮ. ಕ್ಲಾಸಲ್ಲಿ ಮಲಗಿದ್ದೋರನ್ನ ಎಬ್ಬಿಸೋಕೆ ನಾನೇ ಕಟ್ಟಿದ ಕಥೆ."

ಅವಳು ಪೆನ್ನು ನಿಲ್ಲಿಸಿದಳು. "ಕುದ್ರೇನೂವಾ ಸಾ?"

"ಕುದುರೇನೂ."

ಅವಳ ಕಣ್ಣು ತುಂಬಿತು. ಬಹುಮಾನಕ್ಕೋ ಕುದುರೆಗೋ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಕೊನೆಯ ಕಾಲಮ್ಮಿನಲ್ಲಿದ್ದ ಅಜ್ಜಿಯನ್ನು ಹೊಡೆದುಹಾಕಿ ಬರೆದಳು: 'ನಮ್ಮ ಮೇಷ್ಟ್ರು. ಸುಳ್ಳು ಎಂದು ಅವರೇ ಒಪ್ಪಿಕೊಂಡಿದ್ದಾರೆ.'

"ಸೈನ್ ಹಾಕಿ ಸಾ."

ಹಾಕಿದೆ. ಹದಿನೆಂಟು ವರ್ಷದಲ್ಲಿ ನನ್ನ ಇತಿಹಾಸಕ್ಕೆ ಆಧಾರ ಬರೆದುಕೊಂಡವಳು ಇವಳೊಬ್ಬಳೇ.

"ಮತ್ತೆ ಮ್ಯಾಲೆ ನಿಜವಾಗ್ಲೂ ಏನೈತೆ ಸಾ?"

"ನೀನೇ ನೋಡ್ಕೊಂಡು ಬಾ ಹೋಗು," ಅಂತ ಸಾಗಹಾಕಿದೆ. ಓಡಿ ಉಳಿದವರನ್ನು ಕೂಡಿಕೊಂಡಳು.

ವಾಪಸ್ಸು ಬಂದಾಗ ಎರಡೂ ಜಡೆ ಬಿಚ್ಚಿಹೋಗಿದ್ದವು. "ಏನ್ ಗಾಳಿ ಸಾ ಮ್ಯಾಲೆ! ಅಲ್ಲಿ ಯಾವ ರಾಣೀನೂ ತಲೆ ಬಾಚಾಕಾಗಲ್ಲ," ಅಂದಳು.

ಒಪ್ಪಿಕೊಂಡದ್ದು ಒಪ್ಪಿಕೊಂಡಾಯಿತು, ಪೂರ್ತಿ ಮಾಡೋಣ ಅಂತ ಬುಡಕ್ಕಿಳಿದ ಮೇಲೆ ಸೌತೆಕಾಯಿಯವಳಿಗೂ ಮಕ್ಕಳೆದುರೇ ಹೇಳಿದೆ. ಅವಳು ಚಾಕು ಕೆಳಗಿಟ್ಟಳು.

"ಬುಡಿ ಸಾ, ನಮ್ಮಜ್ಜಿ ಸುಳ್ ಹೇಳೋರಲ್ಲ. ಅಲ್ಲಾ, ನೀವು ಒಂದ್ಸಲನಾದ್ರೂ ತುದೀಗಂಟ ಹೋಗಿ ನೋಡಿದ್ದೀರಾ?"

ನಾನು ಸೌತೆಕಾಯಿ ಆರಿಸುವವನ ಹಾಗೆ ಬಗ್ಗಿದೆ. ತಲೆಯೆತ್ತುವಷ್ಟರಲ್ಲಿ ಆ ಹುಡುಗಿ ಫಾರಂ ಬಿಚ್ಚಿ, ಪೆನ್ನಿನ ಕ್ಯಾಪು ತೆಗೆದು, ನನ್ನ ಮುಖವನ್ನೇ ನೋಡುತ್ತಿದ್ದಳು.