ರಾಹುಕಾಲ ತಪ್ಪಿಸಿದ ಕಂಪ್ಯೂಟರ್

ಗಡಿಯಾರವನ್ನು ಐದು ನಿಮಿಷ ಮುಂದಿಟ್ಟು, ಆ ಐದು ನಿಮಿಷ ಹೇಗೂ ಉಂಟಲ್ಲ ಎಂದು ಇನ್ನೊಂದು ಕಾಫಿ ಕುಡಿದು, ಬಸ್ಸು ತಪ್ಪಿಸಿಕೊಳ್ಳುವ ಪೈಕಿ ನಾನು. ಹಾಗಾಗಿ ಎಂಬತ್ತರ ದಶಕದಲ್ಲಿ ಬೋಳಾರದ ನಮ್ಮ ಗೇರುಬೀಜದ ಆಫೀಸಿಗೆ ಬಂದ ಕಂಪ್ಯೂಟರಿನ ಮೇಲೆ ನನಗೆ ಕನಿಕರವೇ ಹುಟ್ಟಿತು. ಕರೆಂಟು ಹೋದರೆ ಪಾಪ, ಅದಕ್ಕೆ ಹೊತ್ತುಗೊತ್ತೆಲ್ಲ ಮರೆತುಹೋಗುತ್ತಿತ್ತು. ಎದ್ದ ಕೂಡಲೇ ತಾರೀಕು ಯಾವುದು, ಗಂಟೆ ಎಷ್ಟು ಎಂದು ನಮ್ಮನ್ನೇ ಕೇಳುವುದು. ನಾವು ಹೇಳಿದ್ದೇ ಅದಕ್ಕೆ ವೇದವಾಕ್ಯ.

ಅಂಥ ವಿಧೇಯ ಪ್ರಾಣಿ ನಮ್ಮ ಧಣಿ ಸಂಜೀವಣ್ಣನವರ ಕೈಗೆ ಸಿಕ್ಕಿತು. ರಾಹುಕಾಲದಲ್ಲಿ ಪೆನ್ನಿನ ಮುಚ್ಚಳವನ್ನೂ ತೆಗೆಯದ ಮನುಷ್ಯ ಅವರು.

ಒಂದು ಮಂಗಳವಾರ ಮೂರು ಗಂಟೆ ದಾಟಿದ ಮೇಲೆ ಕರೆಂಟು ಹೋಗಿ ಬಂತು. ಹಡಗಿಗೆ ಕಳಿಸುವ ಕಾಗದ ಟೈಪು ಮಾಡುತ್ತಿದ್ದ ಹಿಲ್ಡಾಬಾಯಿ, ಮಾಡಿದ್ದೆಲ್ಲ ಅಳಿಸಿಹೋಯಿತೆಂದು ತಲೆಯ ಮೇಲೆ ಕೈ ಹೊತ್ತರು. ಅಂದು ಕಾವೂರಿನ ಮನೆಯಲ್ಲಿ ಐದು ಗಂಟೆಗೆ ಅವರ ತಂಗಿಯ ರೋಸ್, ಅಂದರೆ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ತಾಯಿಯಿಲ್ಲದ ಹುಡುಗಿ, ಮೊದಲು ಹಾಲು ಹಚ್ಚಬೇಕಾದವರು ಅಕ್ಕನೇ. ಕಾಗದ ಮುಗಿಯದೆ ಅವರು ಏಳುವ ಹಾಗಿರಲಿಲ್ಲ.

"ನಾಲ್ಕೂವರೆಗೆ ರಾಹುಕಾಲ ಕಳೆಯಲಿ, ಮತ್ತೆ ಸ್ಟಾರ್ಟ್ ಮಾಡುವ" ಎಂದರು ಧಣಿ. ಅಷ್ಟರಲ್ಲಿ ಹಡಗು ಯಾರ ರಾಹುವಿಗೂ ಕಾಯುವುದಿಲ್ಲ ಎಂಬುದು ನೆನಪಾಗಿರಬೇಕು. ನನ್ನ ಕಡೆ ತಿರುಗಿ, "ನಾಲ್ಕೂಮುಕ್ಕಾಲು ಅಂತ ಹಾಕಿ ಮಾರಾಯ್ರೆ. ಅದಕ್ಕೆ ಎಂತ ಗೊತ್ತುಂಟು?" ಎಂದರು. ವೇಷ ಮರೆಸಿ ಅಮೃತ ಕುಡಿದವನು ರಾಹು. ಅವನಿಗೇ ವೇಷ ತೋರಿಸುವ ಧೈರ್ಯ ನಮ್ಮ ಊರಿನ ವ್ಯಾಪಾರಿಗಳಿಗೆ ಮಾತ್ರ.

ಗಂಟೆ ನಂಬಿದ ಯಂತ್ರ ಡಿಸ್ಕನ್ನೂ ತಪಾಸಣೆ ಮಾಡಿತು. ಯಾವ ಫೈಲಿಗೂ ಸೇರದ, ದಿಕ್ಕಿಲ್ಲದ ತುಣುಕುಗಳು ಸಿಕ್ಕಿವೆ, ಉಳಿಸಲೇ ಎಂದು ಕೇಳಿತು. ನಾನು ಮಹಾ ಪಂಡಿತನ ಹಾಗೆ ಗಲ್ಲ ಕೆರೆದುಕೊಂಡು ಹೌದು ಎಂದು ಒತ್ತಿದೆ; ಬೇರೆ ಎಂತ ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ದೇವರು ದೊಡ್ಡವನು, ಹಿಲ್ಡಾಬಾಯಿಯ ಕಾಗದ ಆ ತುಣುಕುಗಳಲ್ಲೇ ಇತ್ತು. ನನಗೆ ಅಳುವೇ ಬರುವಷ್ಟು ಸಂತೋಷವಾಯಿತು.

ಅವರು ಬಾಕಿ ಮುಗಿಸಿ, ಪ್ರಿಂಟ್ ತೆಗೆದು, ಚೀಲ ಹಿಡಿದು ನಿಂತರು. ಧಣಿ ಗೋಡೆಯ ಗಡಿಯಾರ ನೋಡಿ, "ನಾಲ್ಕು ಗಂಟೆ ಆದದ್ದಷ್ಟೆ ಅಲ್ವಾ? ಐದೂವರೆಗೆ ಆಫೀಸು ಮುಚ್ಚಿದ ಮೇಲೆ ಹೋಗಿ" ಎಂದರು.

ಹಿಲ್ಡಾಬಾಯಿ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದರು. "ಇದರಲ್ಲಿ ಐದೂವರೆ ಆಯ್ತು ಧಣಿಗಳೇ. ಇದು ಸುಳ್ಳು ಅಂತಾದ್ರೆ ಕಾಗದ ಎಲ್ಲ ರಾಹುಕಾಲದಲ್ಲೇ ಆದದ್ದು. ಹರಿದುಹಾಕಿ ಪುನಃ ಟೈಪ್ ಮಾಡ್ಬೇಕಾ?"

ಧಣಿ ಗೋಡೆ ನೋಡಿದರು, ಪರದೆ ನೋಡಿದರು, ಕಾಗದದ ಕಟ್ಟು ನೋಡಿದರು. "ಹೋಗಿ, ಹೋಗಿ. ನಿಮಗೆ ತಡ ಆಯ್ತು" ಎಂದರು.

ಇದೇ ಸಮಯವೆಂದು ನಾನೂ ಚೀಲ ಎತ್ತಿಕೊಂಡೆ. ಧಣಿ ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿದರು. ತಂಗಿಯ ಮದುವೆ ಇಲ್ಲದವರಿಗೆ ಗಂಟೆ ಯಾವಾಗಲೂ ನಾಲ್ಕೇ.