ಕೆಳಗಿಳಿಯದ ಚಕ್ರಗಳು

ಸಣ್ಣ ವಿಮಾನಗಳ ಷೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಮೆಕ್ಯಾನಿಕ್ ಆಗಿದ್ದವನನ್ನು ಎಲ್ಲರೂ ಕರೆಯುತ್ತಿದ್ದುದು ಚಕ್ರದಣ್ಣ ಎಂದೇ. ಏನು ಕೆಟ್ಟರೂ ಸಿಟ್ಟಾಗದೆ, "ಯಾಕಿರಬಹುದು?" ಎಂದು ತಲೆ ಕೆರೆದುಕೊಳ್ಳುವ ಆಸಾಮಿ.

ಒಂದು ಬೆಳಿಗ್ಗೆ ಮಾಲೀಕರೊಬ್ಬರು ತಮ್ಮ ವಿಮಾನವನ್ನು ಚಕ್ರ ಹೊರಚಾಚದೆ ಹೊಟ್ಟೆಯ ಮೇಲೇ ಇಳಿಸಿದರು. ಅವರ ಮೈಗೆ ಗೀರೂ ಬೀಳಲಿಲ್ಲ, ಬಿದ್ದದ್ದು ಪ್ರತಿಷ್ಠೆಗೆ. "ಚಕ್ರ ಕೆಳಗೆ ಬರಲೇ ಇಲ್ಲ ಕಣ್ರೀ! ಇವನ ರಿಪೇರೀನೇ ಸರಿಯಿಲ್ಲ, ಮೊದಲು ಕೆಲಸದಿಂದ ತೆಗೀರಿ," ಎಂದು ಮ್ಯಾನೇಜರ ಮುಂದೆ ಹಾರಾಡಿದರು.

ಚಕ್ರದಣ್ಣ ವಾದಕ್ಕಿಳಿಯದೆ ವಿಮಾನವನ್ನು ಕ್ರೇನಿನಿಂದ ಎತ್ತಿಸಿ, ಒಳಗೆ ಇಣುಕಿದ. "ಸಾಹೇಬ್ರೇ, ಚಕ್ರ ಇಳಿಸೋ ಹಿಡಿ ಇನ್ನೂ ಮೇಲೇ ಇದೆಯಲ್ಲ? ನೀವೇ ಒಂದ್ಸಲ ಕೆಳಗೆ ಒತ್ತಿ, ನೋಡೋಣ."

ಮಾಲೀಕರು ಒತ್ತಿದರು. ಮೂರೂ ಚಕ್ರಗಳು ಸಲೀಸಾಗಿ ಇಳಿದು ನಿಂತವು.

"ನೋಡಿದ್ರಾ, ಈಗ ಬಂದ್ವು!" ಎಂದರು ಮಾಲೀಕರು.

"ಹೌದು ಸಾಹೇಬ್ರೇ, ಈಗ ತಾನೇ ಕರೆದ್ರಿ."

ಮ್ಯಾನೇಜರು ಮೀಸೆಯಡಿಯಲ್ಲೇ ನಕ್ಕು, "ಹೋಗಣ್ಣ, ನಿನ್ನ ಕೆಲಸ ನೋಡ್ಕೋ," ಎಂದರು.